ಕೀಕ್ಲೋಕ್‌ನಲ್ಲಿ ಅಧಿಕಾರ ಪರಿಶೀಲನೆಯ ಲೋಪಗಳನ್ನು ಹುಡುಕಿ ಸರಿಪಡಿಸುವ ಬಗೆ

ಸಂಸ್ಥೆಗಳ ಲಾಗಿನ್ ಮತ್ತು ಪ್ರವೇಶವನ್ನು ನಿರ್ವಹಿಸುವ ಕೀಕ್ಲೋಕ್ ಎಂಬ ಮುಕ್ತ ತಂತ್ರಾಂಶದಲ್ಲಿ 2024ರಲ್ಲಿ ಒಂದು ಲೋಪ ಬಯಲಾಯಿತು. ಸುರಕ್ಷತಾ ಲೋಪಗಳ ಸಾರ್ವಜನಿಕ ಪಟ್ಟಿಯಲ್ಲಿ ಅದಕ್ಕೆ ಸಿವಿಇ-2024-3656 ಎಂಬ ಸಂಖ್ಯೆ ಕೊಡಲಾಗಿದೆ. ಆಡಳಿತಗಾರರಿಗೆ ಮಾತ್ರ ಮೀಸಲಾಗಿರಬೇಕಿದ್ದ ಕೆಲವು ಎಪಿಐ ಕರೆಗಳನ್ನು (ಒಂದು ತಂತ್ರಾಂಶ ಇನ್ನೊಂದಕ್ಕೆ ಕಳುಹಿಸುವ ಕೋರಿಕೆಗಳನ್ನು), ಅಲ್ಲಿ ಖಾತೆಯಿದ್ದ ಯಾವುದೇ ಸಾಮಾನ್ಯ ಬಳಕೆದಾರರೂ ಮಾಡಬಹುದಾಗಿತ್ತು. ಅದಕ್ಕಾಗಿ ಯಾರ ಪಾಸ್‌ವರ್ಡನ್ನೂ ಕದಿಯಬೇಕಿರಲಿಲ್ಲ, ಯಾವ ಗೂಢಲಿಪಿಯನ್ನೂ ಮುರಿಯಬೇಕಿರಲಿಲ್ಲ. ಬಂದವರು ಯಾರೆಂದು ಸರ್ವರ್ ಸರಿಯಾಗಿಯೇ ಗುರುತಿಸುತ್ತಿತ್ತು. ಈ ಕೆಲಸ ಮಾಡಲು ಇವರಿಗೆ ಅಧಿಕಾರವಿದೆಯೇ ಎಂದು ಕೇಳುವ ಪರಿಶೀಲನೆ ಮಾತ್ರ ಆ ಕರೆಗಳಲ್ಲಿ ಇರಲಿಲ್ಲ. 24.0.5ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು.

ಲಾಗಿನ್ ಎಂದರೆ ‘ನೀವು ಯಾರು’ ಎಂಬ ಪ್ರಶ್ನೆಗೆ ಒಮ್ಮೆ ಸಿಗುವ ಉತ್ತರ. ‘ಈ ಕಡತವನ್ನು ನೀವು ಈಗ ತೆರೆಯಬಹುದೇ’ ಎಂಬ ಪ್ರಶ್ನೆಯನ್ನಾದರೋ ಪ್ರತಿಯೊಂದು ಕೋರಿಕೆಗೂ ಹೊಸದಾಗಿ ಕೇಳಬೇಕಾಗುತ್ತದೆ. ಮೊದಲನೆಯದಕ್ಕೆ ಒಂದೇ ಬಾಗಿಲು, ಕಾವಲಿಡುವುದು ಸುಲಭ. ಎರಡನೆಯದಕ್ಕೆ ಎಪಿಐನಲ್ಲಿ ಎಷ್ಟು ಎಂಡ್‌ಪಾಯಿಂಟ್‌ಗಳಿವೆಯೋ (ಕೋರಿಕೆ ಸ್ವೀಕರಿಸುವ ವಿಳಾಸಗಳಿವೆಯೋ) ಅಷ್ಟು ಬಾಗಿಲುಗಳಿರುತ್ತವೆ; ಒಂದರಲ್ಲಿ ಕೇಳುವುದನ್ನು ಮರೆತರೂ ಉಳಿದೆಲ್ಲ ಬಾಗಿಲುಗಳ ಬೀಗ ವ್ಯರ್ಥ. ಪ್ರತಿ ವಸ್ತುವಿನ ಪ್ರತಿ ಬಳಕೆಯನ್ನೂ ತಪ್ಪದೆ ಪರಿಶೀಲಿಸಬೇಕೆಂಬ ತತ್ತ್ವವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿಟ್ಟಿದ್ದಾರೆ. ಆದರೂ ಓವಾಸ್ಪ್ ಸಂಸ್ಥೆಯ ವೆಬ್ ಅಪಾಯಗಳ ಪಟ್ಟಿಯಲ್ಲಿ 2017ರಲ್ಲಿ ಐದನೆಯ ಸ್ಥಾನದಲ್ಲಿದ್ದ ಪ್ರವೇಶ ನಿಯಂತ್ರಣದ ವೈಫಲ್ಯ 2021ರಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು.

ಇಂಥ ಲೋಪ ಒಂದು ಸಾಮಾನ್ಯ ತಂತ್ರಾಂಶದಲ್ಲಿದ್ದರೆ ಆ ತಂತ್ರಾಂಶಕ್ಕಷ್ಟೇ ಹಾನಿ. ಗುರುತು ಮತ್ತು ಪ್ರವೇಶವನ್ನು ನಿರ್ವಹಿಸುವ ತಂತ್ರಾಂಶದಲ್ಲೇ ಇದ್ದರೆ ಅದನ್ನು ನಂಬಿಕೊಂಡ ಎಲ್ಲವಕ್ಕೂ ಹಾನಿ. ಕೀಕ್ಲೋಕ್ ಅಂಥ ಸ್ಥಾನದಲ್ಲಿದೆ. ರೆಡ್ ಹ್ಯಾಟ್ ಆರಂಭಿಸಿದ ಈ ಯೋಜನೆ 2023ರಿಂದ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ನ ಆಶ್ರಯದಲ್ಲಿದೆ. ಬೆಂಗಳೂರಿನ ಐಐಐಟಿಯಲ್ಲಿ ನೆಲೆ ಪಡೆದು ಬೇರೆ ಬೇರೆ ದೇಶಗಳ ರಾಷ್ಟ್ರೀಯ ಗುರುತಿನ ವ್ಯವಸ್ಥೆಗಳಿಗೆ ತಳಹದಿಯಾಗಿರುವ ಮೋಸಿಪ್ ವೇದಿಕೆಯೂ ಇದನ್ನೇ ಬಳಸುತ್ತದೆ. ನಿಮ್ಮ ಸಂಸ್ಥೆಯೂ ಕೀಕ್ಲೋಕ್ ನಡೆಸುತ್ತಿದ್ದರೆ, ಅದರಲ್ಲಿ ಮತ್ತು ಅದನ್ನು ಆಧರಿಸಿದ ತಂತ್ರಾಂಶಗಳಲ್ಲಿ ಅಧಿಕಾರ ಪರಿಶೀಲನೆಯ ಲೋಪಗಳನ್ನು ಹುಡುಕುವುದು ಹೇಗೆ, ಕಂಡಾಗ ತಿದ್ದುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ವಿವರಣೆಗೆ ಒಂದು ಕಾಲ್ಪನಿಕ ಪತ್ತಿನ ಸಹಕಾರ ಸಂಘವನ್ನು ಇಟ್ಟುಕೊಳ್ಳೋಣ: ಹತ್ತು ಶಾಖೆಗಳು, ಸಾಲದ ಅರ್ಜಿಗಳಿಗೆ ಒಂದು ತಂತ್ರಾಂಶ, ಸಿಬ್ಬಂದಿಯ ಸಂಬಳಕ್ಕೆ ಒಂದು, ವರದಿಗಳಿಗೆ ಮತ್ತೊಂದು, ಮೂರಕ್ಕೂ ಒಂದೇ ಲಾಗಿನ್.

ಮೊದಲು ಕಾಗದದ ಮೇಲೆ

ಕೆಲಸ ಆರಂಭವಾಗಬೇಕಾದದ್ದು ಉಪಕರಣಗಳಿಂದಲ್ಲ, ಒಂದು ಕೋಷ್ಟಕದಿಂದ. ಎಡಬದಿಯಲ್ಲಿ ಪಾತ್ರಗಳನ್ನು ಬರೆಯಿರಿ: ಗುಮಾಸ್ತ, ಶಾಖಾ ವ್ಯವಸ್ಥಾಪಕ, ಲೆಕ್ಕಪರಿಶೋಧಕ, ಪಾಸ್‌ವರ್ಡ್ ಮರೆತವರಿಗೆ ನೆರವಾಗುವ ಸಹಾಯವಾಣಿ ಸಿಬ್ಬಂದಿ, ಹಾಗೆಯೇ ಮನುಷ್ಯರಲ್ಲದೆ ತಂತ್ರಾಂಶಗಳೇ ಬಳಸುವ ಸರ್ವಿಸ್ ಅಕೌಂಟ್‌ಗಳು. ಮೇಲ್ಬದಿಯಲ್ಲಿ ಕ್ರಿಯೆಗಳನ್ನು ಬರೆಯಿರಿ. ಬಹುತೇಕ ತಂಡಗಳು ಇಂಥ ಕೋಷ್ಟಕದಲ್ಲಿ ಯಾರು ಏನು ಮಾಡಬಹುದು ಎಂಬುದನ್ನಷ್ಟೇ ತುಂಬಿ ನಿಲ್ಲಿಸುತ್ತವೆ. ನನ್ನ ಅನುಭವದಲ್ಲಿ ಉಪಯೋಗಕ್ಕೆ ಬರುವುದು ಉಳಿದ ಮನೆಗಳು. ಗುಮಾಸ್ತ ಬೇರೆ ಶಾಖೆಯ ಅರ್ಜಿಯನ್ನು ನೋಡಬಾರದು, ತಾನೇ ಸಲ್ಲಿಸಿದ ಅರ್ಜಿಯನ್ನು ತಾನೇ ಮಂಜೂರು ಮಾಡಬಾರದು, ಲೆಕ್ಕಪರಿಶೋಧಕರು ಎಲ್ಲವನ್ನೂ ಓದಬಹುದಾದರೂ ಒಂದಕ್ಷರವನ್ನೂ ಬದಲಿಸಬಾರದು. ಬಾರದು ಎಂಬ ಪ್ರತಿಯೊಂದು ಮನೆಯೂ ಒಂದು ಪರೀಕ್ಷೆಯಾಗುತ್ತದೆ. ಇರುವ ಸೌಲಭ್ಯ ಕೆಲಸ ಮಾಡದಿದ್ದರೆ ಬಳಕೆದಾರರು ಫೋನ್ ಮಾಡಿ ದೂರುತ್ತಾರೆ. ಇರಬಾರದ ಅಧಿಕಾರ ಇದ್ದರೆ ಯಾರೂ ದೂರುವುದಿಲ್ಲ, ಆದ್ದರಿಂದ ಅದು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ.

ಕೋಷ್ಟಕವನ್ನು ತಂತ್ರಾಂಶ ಬರೆದವರೊಬ್ಬರೇ ತುಂಬಬಾರದು. ಸಾಲದ ವಿಭಾಗದವರು ಜೊತೆಗೆ ಕುಳಿತರೆ, ಕೋಡ್ ಬರೆದವರಿಗೆ ಹೊಳೆಯದ ನಿಷೇಧಗಳು ಅವರ ಬಾಯಿಂದ ಬರುತ್ತವೆ.

ಕಡಿಮೆ ಅಧಿಕಾರದ ಟೋಕನ್‌ನಿಂದ ಪರೀಕ್ಷೆ

ಪರೀಕ್ಷೆಯನ್ನು ನಿಮ್ಮದೇ ಸರ್ವರ್‌ನಲ್ಲಿ, ಲಿಖಿತ ಒಪ್ಪಿಗೆ ಪಡೆದು ಮಾಡಿ. ಮಾಲೀಕರ ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೆಯ ಕಲಮುಗಳ ಅಡಿಯಲ್ಲಿ ಬರುತ್ತದೆ. ಉದ್ದೇಶ ಒಳ್ಳೆಯದಿತ್ತು ಎಂಬ ಸಮಜಾಯಿಷಿಯನ್ನು ನೆಚ್ಚಿಕೊಳ್ಳಬೇಡಿ. ಚಾಲ್ತಿಯಲ್ಲಿರುವ ರೆಲ್ಮ್‌ನ (ಬಳಕೆದಾರರನ್ನೂ ತಂತ್ರಾಂಶಗಳನ್ನೂ ಒಟ್ಟಿಗಿಡುವ ಪ್ರತ್ಯೇಕ ವಲಯದ) ಸಂರಚನೆಯನ್ನು ಎಕ್ಸ್‌ಪೋರ್ಟ್ ಮಾಡಿ, ಅದೇ ಆವೃತ್ತಿಯ ಇನ್ನೊಂದು ಕೀಕ್ಲೋಕ್‌ಗೆ ತುಂಬಿಸಿ, ಅಲ್ಲಿ ಪ್ರತಿ ಪಾತ್ರಕ್ಕೂ ಇಬ್ಬರು ಕಾಲ್ಪನಿಕ ಬಳಕೆದಾರರನ್ನು ಸೃಷ್ಟಿಸಿ. ಇಬ್ಬರು ಏಕೆಂದರೆ ಲೋಪಗಳು ಎರಡು ದಿಕ್ಕಿನಲ್ಲಿರುತ್ತವೆ: ಗುಮಾಸ್ತ ವ್ಯವಸ್ಥಾಪಕರ ಕೆಲಸ ಮಾಡುವುದು ಒಂದಾದರೆ, ಒಂದು ಶಾಖೆಯ ಗುಮಾಸ್ತ ಇನ್ನೊಂದು ಶಾಖೆಯ ಗುಮಾಸ್ತನ ದಾಖಲೆ ತೆರೆಯುವುದು ಇನ್ನೊಂದು. ಎರಡನೆಯದನ್ನು ಒಬ್ಬನೇ ಬಳಕೆದಾರನಿಂದ ಪರೀಕ್ಷಿಸಲು ಬರುವುದಿಲ್ಲ.

ಕೀಕ್ಲೋಕ್ ಯೋಜನೆ ತನ್ನ ಅಡ್ಮಿನ್ ಎಪಿಐನ ಎಲ್ಲ ಎಂಡ್‌ಪಾಯಿಂಟ್‌ಗಳ ವಿವರವನ್ನು ಓಪನ್‌ಎಪಿಐ ಎಂಬ, ಯಂತ್ರವೂ ಓದಬಲ್ಲ ರೂಪದಲ್ಲಿ ಪ್ರಕಟಿಸುತ್ತದೆ. ಆ ಪಟ್ಟಿಯ ಒಂದೊಂದು ಎಂಡ್‌ಪಾಯಿಂಟ್‌ಗೂ ಗುಮಾಸ್ತನ ಟೋಕನ್ (ಲಾಗಿನ್ ಆದಾಗ ಸಿಗುವ, ಕೀಕ್ಲೋಕ್ ಸಹಿ ಹಾಕಿದ ಡಿಜಿಟಲ್ ಚೀಟಿ) ಹಿಡಿದು ಕೋರಿಕೆ ಕಳುಹಿಸುವ ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ನಿಮ್ಮ ಸ್ವಂತ ತಂತ್ರಾಂಶಗಳ ಎಪಿಐಗೂ ಹೀಗೆಯೇ ಮಾಡಿ. ಪರದೆಯ ಮೇಲೆ ಗುಂಡಿ ಕಾಣುತ್ತಿಲ್ಲ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಗುಂಡಿಯನ್ನು ಬಚ್ಚಿಟ್ಟರೂ ಅದರ ಹಿಂದಿನ ಕರೆ ತೆರೆದೇ ಇರಬಹುದು.

ಉತ್ತರಗಳನ್ನು ಓದುವಾಗ ನಿಧಾನವಾಗಿರಬೇಕು. ಅಧಿಕಾರವಿಲ್ಲದವರಿಗೆ ಬರಬೇಕಾದ ಉತ್ತರ 403, ಅಂದರೆ ಅನುಮತಿಯಿಲ್ಲ ಎಂದು ಸರ್ವರ್ ಹೇಳುವ ಸಂಕೇತ. ಬದಲಿಗೆ 401 ಬಂದರೆ ಟೋಕನ್ನನ್ನೇ ಸರ್ವರ್ ಒಪ್ಪಲಿಲ್ಲ ಎಂದರ್ಥ; ನಿಮ್ಮ ಪರೀಕ್ಷೆ ನಡೆದೇ ಇಲ್ಲ. ಕೀಕ್ಲೋಕ್‌ನ ಈ ಟೋಕನ್, ಅಂದರೆ ಆಕ್ಸೆಸ್ ಟೋಕನ್, ಮೂಲ ಸಂರಚನೆಯಲ್ಲಿ 5 ನಿಮಿಷಕ್ಕೆ ಮುಗಿದುಹೋಗುತ್ತದೆ. ಸ್ಕ್ರಿಪ್ಟ್ ಆರನೆಯ ನಿಮಿಷಕ್ಕೆ ಕಾಲಿಟ್ಟರೆ ಅಲ್ಲಿಂದ ಮುಂದಿನ ಎಲ್ಲವೂ ನಿರಾಕರಣೆಯಾಗಿ ಕಾಣುತ್ತವೆ, ವರದಿ ಹಸಿರು ಬಣ್ಣದಲ್ಲಿ ತುಂಬಿಹೋಗುತ್ತದೆ, ಲೋಪ ಇದ್ದಲ್ಲೇ ಇರುತ್ತದೆ. ಆದ್ದರಿಂದ ಪ್ರತಿ ನಿಷೇಧದ ಪರೀಕ್ಷೆಗೂ ಮುನ್ನ ಅದೇ ಟೋಕನ್‌ನಿಂದ ಅನುಮತಿಯಿರುವ ಒಂದು ಕರೆ ಮಾಡಿ, ಯಶಸ್ಸಿನ ಸಂಕೇತವಾದ 200 ಬಂದಿತೆಂದು ಖಚಿತಪಡಿಸಿಕೊಳ್ಳಿ. 400 (ತಪ್ಪು ಕೋರಿಕೆ) ಅಥವಾ 500 (ಸರ್ವರ್‌ನೊಳಗಿನ ದೋಷ) ಬಂದರೆ ಅದನ್ನು ನಿರಾಕರಣೆಯೆಂದು ಎಣಿಸಬೇಡಿ: ಕೋರಿಕೆಯ ಒಳಗಿನ ಮಾಹಿತಿ ಸರಿಯಿಲ್ಲವೆಂದು ಸರ್ವರ್ ಹೇಳುತ್ತಿದ್ದರೆ, ಅದು ಅಧಿಕಾರವನ್ನು ಕೇಳುವ ಮೊದಲೇ ಮಾಹಿತಿಯನ್ನು ಓದಿದೆ ಎಂದಾಗಬಹುದು. ಸರಿಯಾದ ಮಾಹಿತಿ ಕೊಟ್ಟು ಮತ್ತೊಮ್ಮೆ ಕಳುಹಿಸಿ ನೋಡಿ. ಇರುವ ದಾಖಲೆಗೆ 403, ಇಲ್ಲದ ದಾಖಲೆಗೆ 404 ಎಂದು ಬೇರೆ ಬೇರೆ ಉತ್ತರ ಬಂದರೆ, ಯಾವ ಸಂಖ್ಯೆಯ ದಾಖಲೆಗಳು ಇವೆ ಎಂಬ ಗುಟ್ಟು ಅಷ್ಟರಮಟ್ಟಿಗೆ ಹೊರಬಿದ್ದಂತೆ.

ಟೋಕನ್‌ನೊಳಗೆ ಏನೇನಿದೆ

ಕೀಕ್ಲೋಕ್ ನಂಬಿರುವ ಸಂಸ್ಥೆಗಳಲ್ಲಿ ಹೆಚ್ಚು ಕಾಣಸಿಗುವ ಲೋಪ ಕೀಕ್ಲೋಕ್‌ನ ಕೋಡ್‌ನಲ್ಲಿರುವುದಿಲ್ಲ, ಅದು ಹಂಚುವ ಟೋಕನ್ನನ್ನು ಓದುವ ರೀತಿಯಲ್ಲಿರುತ್ತದೆ. ಹೊಸ ಕ್ಲೈಂಟ್ (ಕೀಕ್ಲೋಕ್ ಮೂಲಕ ಲಾಗಿನ್ ಮಾಡಿಸುವ ತಂತ್ರಾಂಶದ ನೋಂದಣಿ) ಸೃಷ್ಟಿಸಿದಾಗ ‘ಫುಲ್ ಸ್ಕೋಪ್ ಅಲೌಡ್’ ಎಂಬ ಆಯ್ಕೆ ತಾನಾಗಿಯೇ ಆನ್ ಆಗಿರುತ್ತದೆ. ಇದರಿಂದ ಬಳಕೆದಾರರಿಗೆ ಆ ರೆಲ್ಮ್‌ನಲ್ಲಿರುವ ಎಲ್ಲ ರೋಲ್‌ಗಳೂ (ಪಾತ್ರಗಳೂ), ಬೇರೆ ತಂತ್ರಾಂಶಗಳಿಗೆ ಸಂಬಂಧಿಸಿದವೂ ಸೇರಿ, ಒಂದೇ ಟೋಕನ್‌ಗೆ ಬಂದು ಕೂರುತ್ತವೆ. ಜೊತೆಗೆ ‘ರೋಲ್ಸ್’ ಎಂಬ ಕ್ಲೈಂಟ್ ಸ್ಕೋಪ್‌ನಲ್ಲಿರುವ (ಟೋಕನ್‌ಗೆ ಏನೇನು ಸೇರಬೇಕೆಂಬ ನಿಯಮಗಳ ಕಟ್ಟಿನಲ್ಲಿರುವ) ಆಡಿಯನ್ಸ್ ರಿಸಾಲ್ವ್ ಮ್ಯಾಪರ್, ಆ ರೋಲ್‌ಗಳಿರುವ ಕ್ಲೈಂಟ್‌ಗಳ ಹೆಸರನ್ನೆಲ್ಲ ಟೋಕನ್ ಯಾರಿಗೆ ಉದ್ದೇಶಿಸಿದ್ದು ಎಂದು ಹೇಳುವ ಆಡಿಯನ್ಸ್ ಭಾಗಕ್ಕೆ ಸೇರಿಸುತ್ತದೆ.

ನಮ್ಮ ಸಹಕಾರ ಸಂಘದಲ್ಲಿ ಇದರ ಪರಿಣಾಮವನ್ನು ನೋಡಿ. ವರದಿಗಳ ತಂತ್ರಾಂಶವನ್ನು ಹೊರಗಿನವರು ಬರೆದುಕೊಟ್ಟಿದ್ದಾರೆ, ಅದರ ಮೇಲೆ ಯಾರಿಗೂ ಹೆಚ್ಚಿನ ನಿಗಾ ಇಲ್ಲ. ವ್ಯವಸ್ಥಾಪಕರು ವರದಿ ನೋಡಲು ಅದರಲ್ಲಿ ಲಾಗಿನ್ ಆದಾಗ, ಅವರ ಸಂಬಳದ ರೋಲ್ ಸಹ ಆ ಟೋಕನ್‌ನಲ್ಲಿ ಹೋಗಿರುತ್ತದೆ. ಆ ತಂತ್ರಾಂಶದಿಂದ ಟೋಕನ್ ಸೋರಿದರೆ ಅದನ್ನು ಒಯ್ದು ಸಂಬಳದ ಎಪಿಐಗೆ ತೋರಿಸಬಹುದು. ಸಹಿ ಅಸಲಿ, ಅವಧಿ ಮುಗಿದಿಲ್ಲ, ಆಡಿಯನ್ಸ್‌ನಲ್ಲಿ ಸಂಬಳದ ಹೆಸರೂ ಇದೆ, ಸಂಬಳದ ಸರ್ವರ್‌ಗೆ ನಿರಾಕರಿಸಲು ಕಾರಣವೇ ಇಲ್ಲ.

ತಿದ್ದುವ ಕ್ರಮ ಹೀಗೆ. ಪ್ರತಿ ಕ್ಲೈಂಟ್‌ನಲ್ಲೂ ಫುಲ್ ಸ್ಕೋಪ್ ಆಯ್ಕೆಯನ್ನು ಆಫ್ ಮಾಡಿ, ಅದಕ್ಕೆ ಬೇಕಾದ ರೋಲ್‌ಗಳನ್ನಷ್ಟೇ ಸ್ಕೋಪ್‌ಗೆ ಸೇರಿಸಿ. ನಂತರ ಆ ಕ್ಲೈಂಟ್‌ನ ‘ಕ್ಲೈಂಟ್ ಸ್ಕೋಪ್ಸ್’ ಪುಟದಲ್ಲಿರುವ ‘ಇವ್ಯಾಲ್ಯುಯೇಟ್’ ಭಾಗಕ್ಕೆ ಹೋಗಿ, ಒಬ್ಬ ಬಳಕೆದಾರರನ್ನು ಆರಿಸಿ. ಅವರಿಗೆ ಸಿಗುವ ಟೋಕನ್ ಹೇಗಿರುತ್ತದೆಂದು ಅಲ್ಲಿಯೇ ಕಾಣುತ್ತದೆ. ಒಂದೊಂದು ಸಾಲನ್ನೂ ಓದಿ, ಇದು ಈ ತಂತ್ರಾಂಶಕ್ಕೆ ಏಕೆ ಬೇಕು ಎಂದು ಕೇಳಿ. ಉತ್ತರ ಸಿಗದ ಸಾಲು ಹೋಗಬೇಕು. ಇದನ್ನು ಒಮ್ಮೆಗೇ ಎಲ್ಲ ಕ್ಲೈಂಟ್‌ಗಳಲ್ಲೂ ಮಾಡಿದರೆ ಏನಾದರೂ ಮುರಿಯುವುದು ಖಂಡಿತ, ಆದ್ದರಿಂದ ಕಡಿಮೆ ಬಳಕೆಯ ಕ್ಲೈಂಟ್‌ನಿಂದ ಆರಂಭಿಸಿ.

ಇನ್ನೊಂದು ಬದಿಯಲ್ಲಿ ಟೋಕನ್ ಓದುವ ಕೋಡ್ ಇದೆ. ಕೀಕ್ಲೋಕ್ ರೆಲ್ಮ್ ಮಟ್ಟದ ರೋಲ್‌ಗಳನ್ನೂ ಕ್ಲೈಂಟ್ ಮಟ್ಟದ ರೋಲ್‌ಗಳನ್ನೂ ಟೋಕನ್‌ನ ಎರಡು ಬೇರೆ ಭಾಗಗಳಲ್ಲಿ ಇಡುತ್ತದೆ. ತಂತ್ರಾಂಶ ಕಟ್ಟಲು ಬಳಸುವ ಸ್ಪ್ರಿಂಗ್‌ನಂಥ ಚೌಕಟ್ಟುಗಳಿಗೆ ಇವನ್ನು ಅರ್ಥಮಾಡಿಸಲು ಬರೆಯುವ ಪರಿವರ್ತಕ ಕೋಡ್‌ನಲ್ಲಿ ಅನೇಕರು ಎಲ್ಲ ಭಾಗಗಳನ್ನೂ ಒಂದೇ ಪಟ್ಟಿಗೆ ಸುರಿಯುತ್ತಾರೆ. ಆಗ ವರದಿ ತಂತ್ರಾಂಶದ ‘ಅಡ್ಮಿನ್’ ರೋಲ್‌ಗೂ ಸಂಬಳ ತಂತ್ರಾಂಶದ ‘ಅಡ್ಮಿನ್’ ರೋಲ್‌ಗೂ ವ್ಯತ್ಯಾಸ ಉಳಿಯುವುದಿಲ್ಲ. ವರದಿಯ ಬಣ್ಣ ಬದಲಿಸಲು ಅಡ್ಮಿನ್ ಆದವರು ಸಂಬಳ ಬದಲಿಸಲೂ ಅಡ್ಮಿನ್ ಆಗುತ್ತಾರೆ. ಕೋಡ್ ತನ್ನ ಕ್ಲೈಂಟ್ ಹೆಸರಿನ ಅಡಿಯಲ್ಲಿರುವ ರೋಲ್‌ಗಳನ್ನು ಮಾತ್ರ ಓದಬೇಕು. ರೋಲ್‌ಗಳಿಗೆ ‘ಸಂಬಳ-ತಿದ್ದುಪಡಿ’ ಎಂಬಂತೆ ಕೆಲಸವನ್ನೇ ಹೇಳುವ ಹೆಸರಿಟ್ಟರೆ ಇನ್ನೂ ಒಳ್ಳೆಯದು.

ಸಹಾಯವಾಣಿಯ ಖಾತೆ

ಪಾಸ್‌ವರ್ಡ್ ಬದಲಿಸಿಕೊಡುವವರಿಗೆ ಸಾಮಾನ್ಯವಾಗಿ ‘ಮ್ಯಾನೇಜ್-ಯೂಸರ್ಸ್’ ಎಂಬ ರೋಲ್ ಕೊಡಲಾಗುತ್ತದೆ. ಹೆಸರು ಕೇಳಿದರೆ ನಿರುಪದ್ರವಿ ಎನಿಸುತ್ತದೆ, ಆದರೆ ನನಗೆ ಅತ್ಯಂತ ಆತಂಕ ಹುಟ್ಟಿಸುವ ರೋಲ್ ಇದೇ. ಆಡಳಿತದ ರೋಲ್‌ಗಳನ್ನು ಹಂಚುವುದಕ್ಕೆ ಕೀಕ್ಲೋಕ್ ಒಂದು ತಡೆ ಇಟ್ಟಿದೆ ನಿಜ. ಆದರೆ ಈ ರೋಲ್ ಇರುವವರು ಬಳಕೆದಾರರನ್ನು ಗುಂಪುಗಳಿಗೆ ಸೇರಿಸಬಲ್ಲರು. ನಿಮ್ಮ ಸಾಲದ ತಂತ್ರಾಂಶ ‘ಮಂಜೂರಾತಿ ಸಮಿತಿ’ ಎಂಬ ಗುಂಪಿನ ಹೆಸರು ನೋಡಿ ಸಾಲ ಮಂಜೂರು ಮಾಡಲು ಬಿಡುತ್ತಿದ್ದರೆ, ಸಹಾಯವಾಣಿಯವರು ತಮ್ಮನ್ನೇ ಆ ಗುಂಪಿಗೆ ಸೇರಿಸಿಕೊಳ್ಳಬಹುದು. ಕೀಕ್ಲೋಕ್‌ನ ಕಣ್ಣಿಗೆ ಅದು ಬರಿಯ ಗುಂಪು. ಅದರ ಹಿಂದೆ ಕೋಟಿ ರೂಪಾಯಿಯ ಸಾಲವಿದೆಯೆಂದು ಅದಕ್ಕೆ ತಿಳಿಯದು.

ಪರೀಕ್ಷಾ ಸರ್ವರ್‌ನಲ್ಲಿ ಸಹಾಯವಾಣಿಯ ಖಾತೆಯಿಂದ ಮೂರು ಕೆಲಸಗಳನ್ನು ಪ್ರಯತ್ನಿಸಿ: ಅದೇ ರೆಲ್ಮ್‌ನ ಆಡಳಿತಗಾರರೊಬ್ಬರ ಪಾಸ್‌ವರ್ಡ್ ಬದಲಿಸುವುದು, ತನ್ನನ್ನು ತಾನೇ ಹೆಚ್ಚಿನ ಅಧಿಕಾರದ ಗುಂಪಿಗೆ ಸೇರಿಸುವುದು, ವ್ಯವಸ್ಥಾಪಕರೊಬ್ಬರ ಇಮೇಲ್ ವಿಳಾಸವನ್ನು ತನ್ನದಕ್ಕೆ ಬದಲಿಸಿ ಪಾಸ್‌ವರ್ಡ್ ಮರೆತಿದೆ ಎಂಬ ಕೊಂಡಿ ಒತ್ತುವುದು. ಯಾವುದಾದರೂ ಫಲಿಸಿದರೆ ಸಹಾಯವಾಣಿಯೂ ಆಡಳಿತಗಾರರೂ ಒಂದೇ ಎಂದು ಭಾವಿಸಿ ಮುಂದುವರಿಯಿರಿ. ಇದಕ್ಕೆ ಪರಿಹಾರ ಸೂಕ್ಷ್ಮ ಆಡಳಿತ ಅನುಮತಿಗಳು, ಅಂದರೆ ‘ಫೈನ್-ಗ್ರೇನ್ಡ್ ಅಡ್ಮಿನ್ ಪರ್ಮಿಷನ್ಸ್’. 2025ರಲ್ಲಿ ಬಂದ 26.2ನೇ ಆವೃತ್ತಿಯಿಂದ ಇದರ ಎರಡನೆಯ ರೂಪ ಪೂರ್ಣ ಬೆಂಬಲದೊಂದಿಗೆ ಲಭ್ಯವಿದೆ. ಇಡೀ ರೆಲ್ಮ್‌ನ ಬದಲು ‘ಶಾಖಾ ಸಿಬ್ಬಂದಿ’ ಗುಂಪಿನ ಸದಸ್ಯರ ಮೇಲೆ ಮಾತ್ರ ಅಧಿಕಾರ ಕೊಡುವುದು ಇದರಿಂದ ಸಾಧ್ಯ. ಸರ್ವರ್‌ನ ಆಡಳಿತ ಖಾತೆಗಳನ್ನು ಸಿಬ್ಬಂದಿಯ ರೆಲ್ಮ್‌ನಿಂದಲೇ ಹೊರಗಿಡುವುದು ಅದಕ್ಕಿಂತ ಸರಳವಾದ, ಇಂದೇ ಮಾಡಬಹುದಾದ ಕ್ರಮ.

ಬಳಕೆದಾರರು ತಾವೇ ಬದಲಿಸಬಲ್ಲ ಮಾಹಿತಿ

ಗುಮಾಸ್ತ ಯಾವ ಶಾಖೆಯವನು ಎಂಬುದನ್ನು ಬಳಕೆದಾರರ ಆ್ಯಟ್ರಿಬ್ಯೂಟ್ (ಖಾತೆಗೆ ಅಂಟಿದ ಒಂದು ವಿವರ) ಆಗಿ ಇಟ್ಟು, ಟೋಕನ್‌ಗೆ ಸೇರಿಸಿ, ಅದನ್ನೇ ನೋಡಿ ಅರ್ಜಿಗಳನ್ನು ತೋರಿಸುವುದು ಒಳ್ಳೆಯ ವಿಧಾನ. ಆ ಆ್ಯಟ್ರಿಬ್ಯೂಟನ್ನು ಬಳಕೆದಾರರೇ ತಿದ್ದಬಹುದೇ ಎಂಬುದೊಂದೇ ಪ್ರಶ್ನೆ. 24ನೇ ಆವೃತ್ತಿಯಿಂದ ಯೂಸರ್ ಪ್ರೊಫೈಲ್ ವ್ಯವಸ್ಥೆ ಮೂಲತಃ ಜಾರಿಯಲ್ಲಿರುತ್ತದೆ. ಅದರಲ್ಲಿ ಘೋಷಿಸದ ಆ್ಯಟ್ರಿಬ್ಯೂಟ್‌ಗಳಿಗೆ ಅವಕಾಶವಿಲ್ಲ, ಘೋಷಿಸಿದ ಪ್ರತಿಯೊಂದಕ್ಕೂ ಬಳಕೆದಾರರು ನೋಡಬಹುದೇ, ತಿದ್ದಬಹುದೇ ಎಂದು ಬೇರೆ ಬೇರೆಯಾಗಿ ನಿಗದಿ ಮಾಡಬಹುದು. ಹಳೆಯ ಆವೃತ್ತಿಯಿಂದ ಮೇಲೇರಿದ ಸಂಸ್ಥೆಗಳಲ್ಲಿ ಏನೂ ಮುರಿಯದಿರಲೆಂದು ಘೋಷಿಸದವಕ್ಕೂ ಅವಕಾಶ ಕೊಟ್ಟು ಬಿಟ್ಟಿರುವುದುಂಟು. ‘ಅನ್‌ಮ್ಯಾನೇಜ್ಡ್ ಆ್ಯಟ್ರಿಬ್ಯೂಟ್ಸ್’ ಎಂಬ ಆಯ್ಕೆಯನ್ನು ಇಂದೇ ನೋಡಿ. ಶಾಖೆ, ಹುದ್ದೆ, ಮಂಜೂರಾತಿ ಮಿತಿ ಮುಂತಾದ ಅಧಿಕಾರ ನಿರ್ಧರಿಸುವ ಯಾವ ಆ್ಯಟ್ರಿಬ್ಯೂಟನ್ನೂ ಬಳಕೆದಾರರು ತಿದ್ದುವಂತಿರಬಾರದು. ಪರೀಕ್ಷೆಯನ್ನು ಬಳಕೆದಾರರು ತಮ್ಮ ವಿವರ ತಿದ್ದುವ ಅಕೌಂಟ್ ಕನ್ಸೋಲ್‌ನ ಪುಟದಲ್ಲಲ್ಲ, ಅದರ ಹಿಂದಿನ ಎಪಿಐಗೆ ನೇರವಾಗಿ ಕೋರಿಕೆ ಕಳುಹಿಸಿ ಮಾಡಬೇಕು.

ಟೋಕನ್ ಕೊಟ್ಟವರು ಯಾರು

ಒಂದೇ ತಂತ್ರಾಂಶ ಹಲವು ಸಂಘಗಳಿಗೆ ಸೇವೆ ಕೊಡುತ್ತಿದ್ದು, ಪ್ರತಿ ಸಂಘಕ್ಕೂ ಒಂದೊಂದು ರೆಲ್ಮ್ ಇದ್ದರೆ, ಸಹಿ ಸರಿಯಿದೆಯೆಂಬುದಷ್ಟೇ ಸಾಲದು. ಸಹಿ ಹಾಕಿದ ರೆಲ್ಮ್‌ಗೆ ಈ ದಾಖಲೆಯ ಮೇಲೆ ಅಧಿಕಾರವಿದೆಯೇ ಎಂಬುದನ್ನೂ ನೋಡಬೇಕು. ದೊಡ್ಡವರೂ ಇಲ್ಲಿ ಎಡವಿದ್ದಾರೆ. 2023ರಲ್ಲಿ ಸ್ಟಾರ್ಮ್-0558 ಎಂದು ಹೆಸರಿಸಲಾದ ದಾಳಿಕೋರರ ಗುಂಪು ಮೈಕ್ರೋಸಾಫ್ಟ್‌ನ ವೈಯಕ್ತಿಕ ಖಾತೆಗಳ ಸಹಿ ಕೀಲಿಯೊಂದನ್ನು ಬಳಸಿ ಟೋಕನ್‌ಗಳನ್ನು ತಯಾರಿಸಿತು. ಆ ಕೀಲಿ ಸಂಸ್ಥೆಗಳ ಖಾತೆಗಳಿಗೆ ಸಲ್ಲಬಾರದು ಎಂಬ ಪರಿಶೀಲನೆ ಇಲ್ಲದಿದ್ದುದರಿಂದ ಸಂಸ್ಥೆಗಳ ಇಮೇಲ್ ವ್ಯವಸ್ಥೆಯೂ ಅವನ್ನು ಒಪ್ಪಿಕೊಂಡಿತು. 2025ರ ಜುಲೈನಲ್ಲಿ ಸಂಶೋಧಕ ಡಿರ್ಕ್-ಯಾನ್ ಮೊಲ್ಲೆಮಾ ವರದಿ ಮಾಡಿದ, ಮೈಕ್ರೋಸಾಫ್ಟ್‌ನದೇ ಗುರುತಿನ ಸೇವೆಯಾದ ಎಂಟ್ರಾ ಐಡಿಯ ಲೋಪ, ಸಿವಿಇ-2025-55241, ಇದೇ ಜಾತಿಯದು. ಒಂದು ಟೆನೆಂಟ್‌ನಲ್ಲಿ (ಒಂದು ಸಂಸ್ಥೆಗೆ ಮೀಸಲಾದ ಭಾಗದಲ್ಲಿ) ಪಡೆದ ಆಂತರಿಕ ಬಳಕೆಯ ಟೋಕನ್ ಎಲ್ಲಿಂದ ಬಂದಿತೆಂದು ಹಳೆಯ ಗ್ರಾಫ್ ಎಪಿಐ ಸರಿಯಾಗಿ ಪರಿಶೀಲಿಸುತ್ತಿರಲಿಲ್ಲ, ಹಾಗಾಗಿ ಬೇರೆ ಟೆನೆಂಟ್‌ನ ಆಡಳಿತಗಾರರಂತೆ ನಟಿಸಲು ಸಾಧ್ಯವಿತ್ತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ಮುಚ್ಚಿತು.

ಪರೀಕ್ಷೆ ಸರಳ: ‘ಅ’ ಸಂಘದ ಟೋಕನ್‌ನಿಂದ ‘ಆ’ ಸಂಘದ ಅರ್ಜಿಯ ಸಂಖ್ಯೆ ಕೇಳಿ. ತಿದ್ದುಪಡಿ ಇರಬೇಕಾದದ್ದು ದತ್ತಾಂಶ ಹುಡುಕುವ ಹಂತದಲ್ಲಿ. ಯಾವ ಸಂಘ ಎಂಬುದನ್ನು ಕೋರಿಕೆಯ ವಿಳಾಸದಿಂದ ತೆಗೆದುಕೊಳ್ಳದೆ, ಪರಿಶೀಲಿಸಿದ ಟೋಕನ್‌ನ ಇಶ್ಯೂಯರ್ ಭಾಗದಿಂದ ತೆಗೆದುಕೊಳ್ಳಬೇಕು.

ಸಂರಚನೆಯಲ್ಲಿ ನೋಡಬೇಕಾದ ಇನ್ನು ಕೆಲವು

ಅಧಿಕಾರದ ನಿಯಮಗಳನ್ನು ಕೀಕ್ಲೋಕ್‌ನಲ್ಲೇ ಇಡುವ ಆಥರೈಸೇಶನ್ ಸರ್ವಿಸಸ್ ಬಳಸುತ್ತಿದ್ದರೆ ಪಾಲಿಸಿ ಎನ್‌ಫೋರ್ಸ್‌ಮೆಂಟ್ ಮೋಡ್ ‘ಎನ್‌ಫೋರ್ಸಿಂಗ್’ ಆಗಿರಬೇಕು; ‘ಪರ್ಮಿಸಿವ್’ ಇದ್ದರೆ ಪಾಲಿಸಿಯಿಲ್ಲದ ಸಂಪನ್ಮೂಲಗಳೆಲ್ಲ ತೆರೆದಿರುತ್ತವೆ. ನಿರ್ಧಾರದ ವಿಧಾನ ‘ಅಫರ್ಮೇಟಿವ್’ ಆಗಿದ್ದರೆ ಹಲವು ಅನುಮತಿಗಳಲ್ಲಿ ಒಂದು ಒಪ್ಪಿದರೂ ಸಾಕಾಗುತ್ತದೆ, ಆದ್ದರಿಂದ ಅದನ್ನು ತಿಳಿದೇ ಆರಿಸಿರಬೇಕು. ಲಾಗಿನ್ ಆದ ಮೇಲೆ ಬಳಕೆದಾರರನ್ನು ಮರಳಿ ಕಳುಹಿಸುವ ರಿಡೈರೆಕ್ಟ್ ವಿಳಾಸಗಳಲ್ಲಿ ‘ಏನಿದ್ದರೂ ಸರಿ’ ಎಂಬರ್ಥದ ನಕ್ಷತ್ರ ಚಿಹ್ನೆ ಬೇಡ: 2025ರ ಜನವರಿಯಲ್ಲಿ ಪ್ರಕಟವಾದ, ಇಂಥ ಟೋಕನ್‌ಗಳ ಹಂಚಿಕೆಯ ಮಾನದಂಡವಾದ ಓಆಥ್‌ನ ಸುರಕ್ಷತಾ ಮಾರ್ಗದರ್ಶಿ, ಆರ್‌ಎಫ್‌ಸಿ 9700, ವಿಳಾಸವನ್ನು ಅಕ್ಷರಶಃ ಹೋಲಿಸಬೇಕೆಂದು ಹೇಳುತ್ತದೆ. ಅಡ್ಮಿನ್ ಕನ್ಸೋಲ್ ಮತ್ತು ಅಡ್ಮಿನ್ ಎಪಿಐನ ದಾರಿಯನ್ನು, ಸರ್ವರ್‌ನ ಮುಂದೆ ನಿಂತು ಕೋರಿಕೆಗಳನ್ನು ದಾಟಿಸುವ ರಿವರ್ಸ್ ಪ್ರಾಕ್ಸಿಯಲ್ಲೇ ತಡೆದು, ಕಚೇರಿಯ ಒಳಜಾಲಕ್ಕೆ ಮಾತ್ರ ಬಿಡಿ. ಮೊದಲು ಹೇಳಿದ 2024ರಂಥ ಲೋಪ ಮತ್ತೆ ಬಂದರೂ ಪ್ಯಾಚ್ (ಲೋಪ ಸರಿಪಡಿಸುವ ತಿದ್ದುಪಡಿ) ಹಾಕುವವರೆಗೆ ಹೊರಗಿನವರ ಕೈಗೆ ಅದು ಸುಲಭವಾಗಿ ಎಟುಕದು.

ಒಬ್ಬರ ರೋಲ್ ಕಿತ್ತುಹಾಕಿದ ಕೂಡಲೇ ಅವರ ಕೈಯಲ್ಲಿರುವ ಟೋಕನ್ ಬದಲಾಗುವುದಿಲ್ಲ ಎಂಬುದನ್ನೂ ನೆನಪಿಡಿ. ಅದರ ಅವಧಿ ಮುಗಿಯುವವರೆಗೆ ಹಳೆಯ ರೋಲ್ ಚಲಾವಣೆಯಲ್ಲಿರುತ್ತದೆ. ಯಾರೋ ಲಾಗಿನ್ ಪದೇ ಪದೇ ಕೇಳುತ್ತದೆಂದು ದೂರಿದರೆಂದು ಆಕ್ಸೆಸ್ ಟೋಕನ್ನಿನ 5 ನಿಮಿಷವನ್ನು 10 ಗಂಟೆಗೆ ಏರಿಸಿದವರನ್ನು ನಾನು ಕಂಡಿದ್ದೇನೆ. ಆ ತೊಂದರೆಗೆ ಮದ್ದು, ಮತ್ತೆ ಲಾಗಿನ್ ಕೇಳದೆ ಹೊಸ ಆಕ್ಸೆಸ್ ಟೋಕನ್ ತರುವ ರಿಫ್ರೆಶ್ ಟೋಕನ್ನಿನ ಸರಿಯಾದ ಬಳಕೆ.

ದಾಖಲೆ

ಲೋಪವೊಂದು ಸಿಕ್ಕಾಗ ಮೊದಲ ಪ್ರಶ್ನೆ ಏಳುವುದು, ಇದನ್ನು ಈಗಾಗಲೇ ಯಾರಾದರೂ ಬಳಸಿಕೊಂಡಿದ್ದಾರೆಯೇ ಎಂದು. ಕೀಕ್ಲೋಕ್‌ನಲ್ಲಿ ಬಳಕೆದಾರರ ಘಟನೆಗಳನ್ನೂ ಆಡಳಿತದ ಘಟನೆಗಳನ್ನೂ ಉಳಿಸಿಡುವ ಆಯ್ಕೆಗಳು ಮೂಲತಃ ಆಫ್ ಆಗಿರುತ್ತವೆ. ರೆಲ್ಮ್ ಸೆಟ್ಟಿಂಗ್ಸ್‌ನ ಈವೆಂಟ್ಸ್ ಪುಟದಲ್ಲಿ ಎರಡನ್ನೂ ಆನ್ ಮಾಡಿ. ಆಡಳಿತದ ಘಟನೆಗಳಲ್ಲಿ ‘ಇನ್‌ಕ್ಲೂಡ್ ರೆಪ್ರೆಸೆಂಟೇಶನ್’ ಆಯ್ಕೆಯೂ ಆನ್ ಇದ್ದರೆ ಯಾರು ಬದಲಿಸಿದರು ಎಂಬುದರ ಜೊತೆಗೆ ಏನನ್ನು ಬದಲಿಸಿದರು ಎಂಬುದೂ ಉಳಿಯುತ್ತದೆ. ಅವನ್ನು ಕೀಕ್ಲೋಕ್‌ನ ಆಡಳಿತಗಾರರ ಕೈಗೆಟುಕದ ಬೇರೊಂದು ಕಡೆಗೆ ಸಾಗಿಸಿ, ಏಕೆಂದರೆ ಅಧಿಕಾರ ಕದ್ದವರು ಮೊದಲು ಅಳಿಸುವುದು ಹೆಜ್ಜೆಗುರುತನ್ನು. ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಅನಧಿಕೃತ ಪ್ರವೇಶವಾದದ್ದು ತಿಳಿದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. ಲೋಪ ನಿಮ್ಮ ಸಂರಚನೆಯದಾಗಿರದೆ ಕೀಕ್ಲೋಕ್‌ನ ಕೋಡ್‌ನದೇ ಆಗಿದ್ದರೆ, ಅದನ್ನು ಸಾರ್ವಜನಿಕವಾಗಿ ಬರೆಯದೆ ಯೋಜನೆಯ ಸುರಕ್ಷತಾ ತಂಡಕ್ಕೆ ಖಾಸಗಿಯಾಗಿ ತಿಳಿಸಿ, ಪ್ಯಾಚ್ ಬರುವವರೆಗೆ ಆ ಎಂಡ್‌ಪಾಯಿಂಟನ್ನು ಪ್ರಾಕ್ಸಿಯಲ್ಲಿ ಮುಚ್ಚಿಡಿ. ಲೋಪವನ್ನು ಹಿಡಿದ ಆ ಪರೀಕ್ಷೆಯನ್ನು ಅಳಿಸಬೇಡಿ. ಮುಂದಿನ ಪ್ರತಿ ಆವೃತ್ತಿಯೂ ಚಾಲನೆಗೆ ಬರುವ ಮುನ್ನ ಅದು ಮತ್ತೊಮ್ಮೆ ಓಡಿ 403 ಪಡೆಯಬೇಕು.